ಗ್ಲೀಸ್ 581ಡಿ ಗ್ರಹ ಇದೆ ಎಂದು ಹೇಳಿ ಆಮೇಲೆ ಇಲ್ಲ ಎಂದದ್ದೇಕೆ?

ಶಾಲೆಯಲ್ಲಿದ್ದಾಗ ಈ ಗ್ರಹದ ಬಗ್ಗೆ ಓದಿದ್ದಿರಿ, ಈಗ ಅದು ಬರೀ ನಕ್ಷತ್ರದ ಮೇಲಿನ ಕಲೆಗಳ ಆಟ ಅನ್ನುತ್ತಾರೆ, ಕಲೆಗೂ ಗ್ರಹಕ್ಕೂ ವ್ಯತ್ಯಾಸ ಗೊತ್ತಾಗುವುದಿಲ್ಲವೇ ಎಂದು ಕೇಳಿದ್ದೀರಿ. ಆ ಗ್ರಹ ಕೈತಪ್ಪಿದಾಗ ನನಗೂ ಬೇಸರವಾಗಿತ್ತು. 2009ರಲ್ಲಿ ಆಸ್ಟ್ರೇಲಿಯಾದ ಕ್ಯಾನ್ಬೆರಾ ಬಳಿಯ ಆಂಟೆನಾದಿಂದ ಸಾವಿರಾರು ಜನರ ಸಂದೇಶಗಳನ್ನು ಅದರತ್ತ ಕಳಿಸಿದ್ದರು. ಅವು ಇನ್ನೂ ದಾರಿಯಲ್ಲೇ ಇವೆ.

ಮೊದಲು ನಮ್ಮ ಸೂರ್ಯನನ್ನೇ ನೋಡಿ. ನಾನು ಚಿಕ್ಕ ದೂರದರ್ಶಕದಿಂದ ಸೂರ್ಯನ ಬಿಂಬವನ್ನು ಬಿಳಿ ಹಾಳೆಯ ಮೇಲೆ ಬೀಳಿಸಿ, ಕಲೆ ಇದ್ದಲ್ಲಿ ಪೆನ್ಸಿಲಿನಿಂದ ಚುಕ್ಕಿ ಇಡುತ್ತೇನೆ. (ದಯವಿಟ್ಟು ನೇರವಾಗಿ ನೋಡಬೇಡಿ, ಕಣ್ಣು ಹೋಗುತ್ತದೆ.) ಒಂದು ಅಂಚಿನಲ್ಲಿ ಕಾಣಿಸಿಕೊಂಡ ಕಲೆ ಹದಿಮೂರು ಹದಿನಾಲ್ಕು ದಿನದಲ್ಲಿ ಇನ್ನೊಂದು ಅಂಚಿಗೆ ಸರಿದು ಮರೆಯಾಗುತ್ತದೆ. ಅಷ್ಟರಲ್ಲಿ ಅಳಿಸಿಹೋಗದಿದ್ದರೆ ಎರಡು ವಾರ ಬಿಟ್ಟು ಮತ್ತೆ ಮೊದಲಿನ ಅಂಚಿನಲ್ಲೇ ಇಣುಕುತ್ತದೆ.

ಆ ಗ್ರಹದ ನಕ್ಷತ್ರ ಎಂದ ಗ್ಲೀಸ್ 581 ಇರುವುದು ಸುಮಾರು 20 ಜ್ಯೋತಿರ್ವರ್ಷ ದೂರದಲ್ಲಿ. ಅಲ್ಲಿಯ ಕಲೆ ಹೀಗೆ ಕಾಣುವುದಿಲ್ಲ, ಸಿಗುವುದು ಒಂದು ಬೆಳಕಿನ ಚುಕ್ಕಿ ಮತ್ತು ಅದರ ರೋಹಿತ, ಅಂದರೆ ಆ ಬೆಳಕನ್ನು ಬಣ್ಣಗಳಾಗಿ ಬಿಡಿಸಿದ ಪಟ್ಟಿ. ಗ್ರಹದ ಎಳೆತಕ್ಕೆ ನಕ್ಷತ್ರ ನಮ್ಮತ್ತ ಬಂದರೆ ರೋಹಿತದ ಗೆರೆಗಳು ನೀಲಿಯ ಕಡೆಗೆ, ದೂರ ಹೋದರೆ ಕೆಂಪಿನ ಕಡೆಗೆ ಜರುಗುತ್ತವೆ. ತೊಡಕು ಇಲ್ಲೇ ಇದೆ. ನಕ್ಷತ್ರ ತನ್ನ ಸುತ್ತ ತಿರುಗುವಾಗ ಅದರ ಒಂದು ಮಗ್ಗುಲು ನಮ್ಮತ್ತ ಬರುತ್ತಿರುತ್ತದೆ, ಇನ್ನೊಂದು ಹಿಂದೆ ಸರಿಯುತ್ತಿರುತ್ತದೆ. ಬರುತ್ತಿರುವ ಮಗ್ಗುಲಲ್ಲಿ ಕಪ್ಪು ಕಲೆ ಇದ್ದರೆ ಆ ಕಡೆಯ ಬೆಳಕು ತಗ್ಗಿ, ಒಟ್ಟು ಅಳತೆ ಕೆಂಪಿನತ್ತ ವಾಲುತ್ತದೆ. ಕಲೆ ಆಚೆ ಮಗ್ಗುಲಿಗೆ ದಾಟಿದಾಗ ನೀಲಿಯತ್ತ. ಕಾಂತಕ್ಷೇತ್ರ ಬಲವಾಗಿರುವ ಕಡೆ ಅನಿಲದ ಕುದಿತ ತಗ್ಗುವುದರಿಂದಲೂ ಗೆರೆಗಳು ಅಲುಗುತ್ತವೆ. ನಕ್ಷತ್ರ ಇದ್ದಲ್ಲೇ ಇದ್ದರೂ ಯಾರೋ ಎಳೆದಂತೆ ತೋರುತ್ತದೆ.

ಡಿ ಗ್ರಹ ನಕ್ಷತ್ರವನ್ನು ಸುತ್ತುವ ಅವಧಿ 66 ದಿನ ಎಂದಿದ್ದರು. ಅದರ ಎಳೆತವೋ ಸೆಕೆಂಡಿಗೆ ಎರಡು ಮೀಟರಿನ ಆಸುಪಾಸು, ನಾವು ಬಿರುಸಾಗಿ ನಡೆಯುವಷ್ಟು ವೇಗ. 2014ರಲ್ಲಿ ಖಗೋಳವಿಜ್ಞಾನಿ ಪಾಲ್ ರಾಬರ್ಟ್‌ಸನ್ ಮತ್ತು ಜೊತೆಗಾರರು ಅದೇ ರೋಹಿತದಲ್ಲಿ, ನಕ್ಷತ್ರದ ಚಟುವಟಿಕೆಗೆ ತಕ್ಕಂತೆ ಬದಲಾಗುವ ಹೈಡ್ರೋಜನ್ನಿನ ಕೆಂಪು ಗೆರೆಯನ್ನು ಗಮನಿಸಿ, ಈ ನಕ್ಷತ್ರ 130 ದಿನಕ್ಕೊಮ್ಮೆ ತಿರುಗುತ್ತದೆ ಎಂದು ಕಂಡುಕೊಂಡರು. 66 ಹೆಚ್ಚುಕಡಿಮೆ ಅದರ ಅರ್ಧ! ಕಲೆಗಳ ತಾಳ ತಿರುಗುವ ಅವಧಿಯ ಅರ್ಧದಲ್ಲೂ ಕಾಣಿಸಿಕೊಳ್ಳಬಲ್ಲದು. ನಕ್ಷತ್ರದ ಚಟುವಟಿಕೆಯ ಪಾಲನ್ನು ಕಳೆದಾಗ ಡಿ ಉಳಿಯಲಿಲ್ಲ. ಒಳಗಿನ ಮೂರು ಗ್ರಹಗಳು ಮಾತ್ರ ಇನ್ನಷ್ಟು ಸ್ಪಷ್ಟವಾದವು. ಇದಕ್ಕೆ ಮರುವರ್ಷವೇ ತಕರಾರೂ ಬಂತು. ನನಗೆ ರಾಬರ್ಟ್‌ಸನ್ ವಾದವೇ ಗಟ್ಟಿ ಅನ್ನಿಸುತ್ತದೆ. ಮೊದಲು ಅಳೆದವರನ್ನು ದೂರಲು ಮಾತ್ರ ನನಗೆ ಮನಸ್ಸಿಲ್ಲ. ಅವರ ಅಳತೆ ಸರಿಯಾಗಿಯೇ ಇತ್ತು.

ಗ್ಲೀಸ್ 581ರಂಥ ಚಿಕ್ಕ ಕೆಂಪು ನಕ್ಷತ್ರಗಳಲ್ಲಿ ಈ ಕಾಟ ಹೆಚ್ಚು. ಅವುಗಳ ಬಿಸಿ ಕಡಿಮೆ, ಹಾಗಾಗಿ ನೀರು ನೀರಾಗಿಯೇ ಇರಬಲ್ಲ ಜಾಗ ತೀರಾ ಹತ್ತಿರ. ಅಲ್ಲಿಯ ಗ್ರಹ ಕೆಲವೇ ವಾರಗಳಲ್ಲಿ ಸುತ್ತು ಮುಗಿಸುತ್ತದೆ. ಇಂಥ ಬಹಳಷ್ಟು ನಕ್ಷತ್ರಗಳು ತಾವೇ ಒಮ್ಮೆ ತಿರುಗಲು ತೆಗೆದುಕೊಳ್ಳುವ ಸಮಯವೂ ಹತ್ತಾರು ದಿನ.

ಪತ್ತೆಹಚ್ಚುವ ದಾರಿಗಳಿವೆ. ಗ್ರಹದ ಎಳೆತ ಎಲ್ಲ ಬಣ್ಣದಲ್ಲೂ ಒಂದೇ, ಕಲೆಯ ಪ್ರಭಾವ ಅವಕೆಂಪಿನಲ್ಲಿ ಸಾಮಾನ್ಯವಾಗಿ ತಗ್ಗುತ್ತದೆ. ಕಲೆಗಳು ಹುಟ್ಟಿ ಅಳಿಯುತ್ತವೆ, ಗ್ರಹ ವರ್ಷಗಟ್ಟಲೆ ತಾಳ ತಪ್ಪುವುದಿಲ್ಲ. ಹೊಸ ಗ್ರಹದ ಸುದ್ದಿ ಬಂದರೆ ನಾನು ಮೊದಲು ನೋಡುವುದು ಆ ನಕ್ಷತ್ರ ಎಷ್ಟು ದಿನಕ್ಕೊಮ್ಮೆ ತಿರುಗುತ್ತದೆ ಎಂದು. 2016ರಲ್ಲಿ ಪ್ರಕಟವಾದ ಪ್ರಾಕ್ಸಿಮಾ ಬಿ ಎಂಬ ಗ್ರಹ ಸುತ್ತುವುದು 11.2 ದಿನಕ್ಕೆ, ಅದರ ನಕ್ಷತ್ರ ತಿರುಗುವುದು ಸುಮಾರು 90 ದಿನಕ್ಕೆ. 2020ರಲ್ಲಿ ಚಿಲಿಯ ಎಸ್ಪ್ರೆಸೊ ಎಂಬ ಬೇರೆಯೇ ಉಪಕರಣದಿಂದ ಅಳೆದಾಗಲೂ ಆ 11.2 ದಿನದ ತಾಳ ಹಾಗೇ ಸಿಕ್ಕಿತು.