ನೆನಪಿನ ಮಾತ್ರೆಯ ಪರೀಕ್ಷೆ: ಯಾರಿಗೆ ಕೊಟ್ಟರು, ಏನನ್ನು ಅಳೆದರು?

ಪ್ರಶ್ನೆ: ಅಮ್ಮನಿಗೆ 72. ಇಟ್ಟ ವಸ್ತು ಮರೆಯುತ್ತಾರೆ, ಹೇಳಿದ್ದನ್ನೇ ಹೇಳುತ್ತಾರೆ. ಅಡುಗೆ, ಹಾಲಿನ ಲೆಕ್ಕ ಎಲ್ಲ ಸರಿಯಾಗಿಯೇ ನಡೆಯುತ್ತಿದೆ. ಡಾಕ್ಟರು ಎಂಸಿಐ ಎಂದರು. ಮೆಡಿಕಲ್ ಶಾಪಿನವರು ‘ವೈಜ್ಞಾನಿಕವಾಗಿ ಪರೀಕ್ಷಿಸಲಾಗಿದೆ’ ಎಂದು ಬರೆದಿರುವ ಮಾತ್ರೆಯೊಂದನ್ನು ಕೊಟ್ಟಿದ್ದಾರೆ. ಆ ಪರೀಕ್ಷೆ ಎಂಥದ್ದೆಂದು ನಾವು ತಿಳಿಯುವುದು ಹೇಗೆ? (ಮೈಸೂರು)

ಉತ್ತರ: ಎಂಸಿಐ (ಮೈಲ್ಡ್ ಕಾಗ್ನಿಟಿವ್ ಇಂಪೇರ್‌ಮೆಂಟ್) ಎಂದರೆ ವಯಸ್ಸಿನ ಸಹಜ ಮರೆವಿಗೂ ಡಿಮೆನ್ಷಿಯಾಕ್ಕೂ ನಡುವಿನ ಹಂತ. ನೆನಪು ಕುಗ್ಗಿರುವುದು ಪರೀಕ್ಷೆಯಲ್ಲಿ ಕಾಣುತ್ತದೆ, ಆದರೆ ದಿನನಿತ್ಯದ ಕೆಲಸ ಕೆಟ್ಟಿರುವುದಿಲ್ಲ. ಇವರಲ್ಲಿ ಕೆಲವರು ಮುಂದೆ ಡಿಮೆನ್ಷಿಯಾಕ್ಕೆ ಜಾರುತ್ತಾರೆ, ಹಲವರು ವರ್ಷಗಟ್ಟಲೆ ಹಾಗೆಯೇ ಇರುತ್ತಾರೆ, ಇನ್ನು ಕೆಲವರು ಯಾವ ಔಷಧವೂ ಇಲ್ಲದೆ ಮೊದಲಿನಂತಾಗುತ್ತಾರೆ. ಹಾಗಾಗಿ 20 ಜನರಿಗೆ ಯಾವ ಮಾತ್ರೆ ಕೊಟ್ಟರೂ ಕೆಲವರು ‘ಗುಣವಾಯಿತು’ ಎನ್ನುವುದು ಸಹಜ. ಅದೇ ರೂಪದ, ಔಷಧಾಂಶವಿಲ್ಲದ ಪ್ಲಸೀಬೊ ಮಾತ್ರೆ ತಿಂದ ಗುಂಪು ಪಕ್ಕದಲ್ಲಿ ಇಲ್ಲದಿದ್ದರೆ ಅದನ್ನು ಪರೀಕ್ಷೆ ಎನ್ನಲಾಗದು.

ಚೆನ್ನಾಗಿ ನಡೆದ ಪರೀಕ್ಷೆಗೆ ಆಕ್ಸ್‌ಫರ್ಡಿನ ವಿಟಾಕಾಗ್ ಒಳ್ಳೆಯ ಮಾದರಿ. 70 ದಾಟಿದ, ಎಂಸಿಐ ಇದ್ದ 271 ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ದಿನಕ್ಕೆ ಫೋಲಿಕ್ ಆಸಿಡ್ 0.8 ಮಿಗ್ರಾಂ, ಬಿ12 0.5 ಮಿಗ್ರಾಂ, ಬಿ6 20 ಮಿಗ್ರಾಂ, ಇನ್ನೊಂದಕ್ಕೆ ಪ್ಲಸೀಬೊ. ಹೀಗೆ ಎರಡು ವರ್ಷ. ಆರಂಭದಲ್ಲೂ ಕೊನೆಯಲ್ಲೂ ಎಂಆರ್‌ಐ ಮಾಡಿ ಮಿದುಳು ಎಷ್ಟು ಕುಗ್ಗಿದೆ ಎಂದು ಅಳೆದರು. ಫಲಿತಾಂಶ ಪ್ರಕಟವಾದದ್ದು 2010ರಲ್ಲಿ. ಎರಡೂ ಸ್ಕ್ಯಾನ್ ಸಿಕ್ಕ 168 ಜನರಲ್ಲಿ, ಪ್ಲಸೀಬೊ ಗುಂಪಿನವರ ಮಿದುಳು ವರ್ಷಕ್ಕೆ ಶೇ 1.08ರಷ್ಟು ಕುಗ್ಗಿತ್ತು, ವಿಟಮಿನ್ ಗುಂಪಿನವರದು ಶೇ 0.76.

ನಿಮಗೆ ಮುಖ್ಯವಾಗುವುದು ಇದರ ಒಳಗಿನ ಲೆಕ್ಕ. ಬಿ ವಿಟಮಿನ್ ಕಡಿಮೆಯಾದರೆ ರಕ್ತದಲ್ಲಿ ಹೋಮೋಸಿಸ್ಟೀನ್ ಎಂಬ ಅಂಶ ಏರುತ್ತದೆ. ಆರಂಭದಲ್ಲೇ ಇದು 13 ಮೈಕ್ರೋಮೋಲ್‌ಗಿಂತ ಹೆಚ್ಚಿದ್ದವರಲ್ಲಿ ಕುಗ್ಗುವ ವೇಗ ಅರ್ಧಕ್ಕಿಂತ ಕಡಿಮೆಯಾಯಿತು. ಮೊದಲೇ ಕಡಿಮೆ ಇದ್ದವರಿಗೆ ಮಾತ್ರೆಯಿಂದ ಲಾಭ ಕಾಣಲಿಲ್ಲ. ನೆನಪಿನ ಪರೀಕ್ಷೆಯ ಅಂಕಗಳೂ ಆಮೇಲೆ ಇದೇ ಜಾಡು ಹಿಡಿದವು. ಅಂದರೆ ಕೊರತೆ ಇದ್ದವರಿಗೆ ಪೂರಕ ಕೆಲಸ ಮಾಡಿತು. ಇದು ಗುಂಪಿನೊಳಗಿನ ಗುಂಪಿನ ಲೆಕ್ಕವೇ ಆದ್ದರಿಂದ ಕೊನೆಯ ಮಾತಲ್ಲ, ಹೋಮೋಸಿಸ್ಟೀನ್ ಹೆಚ್ಚಿರುವವರನ್ನೇ ಆರಿಸಿ ಮತ್ತೆ ನೋಡಬೇಕಾದ ವಿಷಯ. ಆದರೂ ಆ ಮಾತ್ರೆ ಇಳಿಸಬೇಕಿದ್ದದ್ದು ಹೋಮೋಸಿಸ್ಟೀನನ್ನೇ ಆದ್ದರಿಂದ ಈ ಲೆಕ್ಕಕ್ಕೆ ತೂಕವಿದೆ.

ಕೊರತೆ ನೋಡದೆ ಎಲ್ಲರಿಗೂ ಕೊಟ್ಟ ಪರೀಕ್ಷೆಗಳು ಹೆಚ್ಚಾಗಿ ಬರಿಗೈಯಲ್ಲಿ ಮರಳಿವೆ. ಅಮೆರಿಕದಲ್ಲಿ 75 ದಾಟಿದ 3,069 ಜನರ ಮೇಲೆ ಗಿಂಕೊ ಎಂಬ ಮರದ ಎಲೆಯ ಸಾರವನ್ನು 120 ಮಿಗ್ರಾಂನಂತೆ ದಿನಕ್ಕೆರಡು ಬಾರಿ, ಸುಮಾರು ಆರು ವರ್ಷ ಪರೀಕ್ಷಿಸಿದರು. 2008ರ ವರದಿಯಂತೆ ಡಿಮೆನ್ಷಿಯಾ ತಗ್ಗಲಿಲ್ಲ. ಅವರಲ್ಲಿ 482 ಜನ ಎಂಸಿಐ ಇದ್ದವರೇ. ವಿಟಮಿನ್ ಇ ದಿನಕ್ಕೆ 2,000 ಯೂನಿಟ್ ಕೊಟ್ಟ ಮೂರು ವರ್ಷದ ಪರೀಕ್ಷೆಯಲ್ಲೂ (2005) ಎಂಸಿಐ ಮುಂದುವರಿಯುವುದು ನಿಲ್ಲಲಿಲ್ಲ.

ಡಬ್ಬಿ ಕೈಯಲ್ಲಿ ಹಿಡಿದು ಇಷ್ಟು ಕೇಳಿ. ಪರೀಕ್ಷೆ ಮಾಡಿದ್ದು ನಿಮ್ಮ ತಾಯಿಯಂಥವರ ಮೇಲೋ, ಕಾಲೇಜು ಹುಡುಗರ ಮೇಲೋ? ಅಲ್ಲಿ ಕೊಟ್ಟ ಪ್ರಮಾಣವೇ ಈ ಮಾತ್ರೆಯಲ್ಲಿದೆಯೇ? ಏನನ್ನು ಅಳೆಯುತ್ತೇವೆ ಎಂದು ಮೊದಲೇ ನೋಂದಾಯಿಸಿದ್ದರೇ? ಕೊನೆಯ ಪ್ರಶ್ನೆ ಚಿಕ್ಕದಲ್ಲ. ಅಮೆರಿಕದಲ್ಲಿ ಪ್ರೆವಾಜೆನ್ ಎಂಬ ಮಾತ್ರೆಯ ತಯಾರಕರ ಮೇಲೆ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಮತ್ತು ನ್ಯೂಯಾರ್ಕಿನ ಅಟಾರ್ನಿ ಜನರಲ್ 2017ರಲ್ಲಿ ದಾವೆ ಹೂಡಿದಾಗ ಇದ್ದ ಮುಖ್ಯ ಆರೋಪ ಇದೇ: 218 ಜನರ ಒಟ್ಟು ಲೆಕ್ಕದಲ್ಲಿ ಪ್ಲಸೀಬೊಗಿಂತ ಮೇಲೆನಿಸಲಿಲ್ಲ, ಆಮೇಲೆ ಗುಂಪನ್ನು ಚೂರು ಚೂರು ಮಾಡಿ, ಸಿಕ್ಕ ಕೆಲವು ಅಂಕಿಗಳನ್ನು ಜಾಹೀರಾತಿಗೆ ಹಾಕಿದರು.

ಮಾತ್ರೆ ಕೊಳ್ಳುವ ಮೊದಲು ತಾಯಿಯವರ ಬಿ12, ಹೋಮೋಸಿಸ್ಟೀನ್, ಥೈರಾಯ್ಡ್ (ಟಿಎಸ್‌ಎಚ್) ನೋಡಿಸಿ. ಸಸ್ಯಾಹಾರಿಗಳಲ್ಲಿ, ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಅಥವಾ ಗ್ಯಾಸ್ಟ್ರಿಕ್‌ಗೆಂದು ಒಮೆಪ್ರಜೋಲ್‌ನಂಥ ಮಾತ್ರೆಯನ್ನು ವರ್ಷಗಟ್ಟಲೆ ನುಂಗಿದವರಲ್ಲಿ ಬಿ12 ಕಡಿಮೆಯಾಗುವುದು ತೀರಾ ಸಾಮಾನ್ಯ. 200 ಪಿಕೊಗ್ರಾಂಗಿಂತ ಕೆಳಗಿದ್ದರೆ ಕೊರತೆ ಎಂದೇ ಲೆಕ್ಕ, 200ರಿಂದ 300 ಅನುಮಾನದ ಪ್ರದೇಶ. ಕೊರತೆ ಇದ್ದರೆ ಬೇಕಾಗುವುದು ಚಿಕಿತ್ಸೆ. ಅದನ್ನು ಡಾಕ್ಟರೇ ಬರೆದುಕೊಡುತ್ತಾರೆ, ಅಗ್ಗವೂ ಹೌದು.

ಪ್ರಶ್ನೆ: ನಾವು ಕರಾವಳಿಯವರು ಒಂದೆಲಗದ ತಂಬುಳಿ ಮಾಡುತ್ತೇವೆ. ಪರೀಕ್ಷೆಯಾಗಿರುವ ಬ್ರಾಹ್ಮಿ ಇದೇ ತಾನೆ? (ಉಡುಪಿ)

ಉತ್ತರ: ಅಲ್ಲ. ಒಂದೆಲಗ ಸೆಂಟೆಲ್ಲಾ ಏಷಿಯಾಟಿಕಾ. ಬ್ರಾಹ್ಮಿ ಎಂದು ಹೆಚ್ಚು ಪರೀಕ್ಷೆಗೊಳಗಾದದ್ದು ಬಕೋಪಾ ಮೊನಿಯೇರಿ, ಅಂದರೆ ನೀರು ಬ್ರಾಹ್ಮಿ. ಸಣ್ಣ ದಪ್ಪ ಎಲೆ, ಬಲು ಕಹಿ. ಒಂದರ ಫಲಿತಾಂಶವನ್ನು ಇನ್ನೊಂದಕ್ಕೆ ಹಚ್ಚಲಾಗದು. ತಂಬುಳಿ ಊಟವಾಗಿ ಒಳ್ಳೆಯದೇ, ಉಣ್ಣಿ.

ಪ್ರಶ್ನೆ: ನಾನು ಆಹಾರ ವಿಜ್ಞಾನದ ಸಂಶೋಧನಾ ವಿದ್ಯಾರ್ಥಿ. ವೃದ್ಧಾಶ್ರಮವೊಂದರಲ್ಲಿ ಎಂಸಿಐ ಇರುವ 40 ಹಿರಿಯರಿಗೆ ಮೂರು ತಿಂಗಳು ಬ್ರಾಹ್ಮಿ ಸಾರ ಮತ್ತು ಬಿ12 ಕೊಟ್ಟು ನೋಡಬೇಕೆಂದಿದ್ದೇನೆ. ಸಾಕೇ? ಎಲ್ಲಿ ಎಡವುತ್ತಾರೆ? (ಧಾರವಾಡ)

ಉತ್ತರ: ಮೊದಲು ಎರಡನ್ನು ಬೇರೆ ಮಾಡಿ. ಎರಡೂ ಒಟ್ಟಿಗೆ ಕೊಟ್ಟು ಲಾಭ ಕಂಡರೆ ಯಾವುದರಿಂದ ಎಂದು ಹೇಳಲಾಗದು. ಇನ್ನೂ ಮುಖ್ಯವಾಗಿ, ಬಿ12 ಕೊರತೆ ಇದ್ದವರನ್ನು ಪ್ಲಸೀಬೊ ಗುಂಪಿಗೆ ಹಾಕಿ ತಿಂಗಳುಗಟ್ಟಲೆ ಹಾಗೇ ಬಿಡುವುದು ಸಲ್ಲದು. ಕೊರತೆ ಸಿಕ್ಕವರಿಗೆ ಚಿಕಿತ್ಸೆ ಕೊಡಿಸಿ, ಅವರನ್ನು ಪರೀಕ್ಷೆಯಿಂದ ಹೊರಗಿಡಿ.

ಸಂಖ್ಯೆ ಸಾಲದು. ಪೂರಕಗಳಿಂದ ಬರುವ ವ್ಯತ್ಯಾಸ ಬಂದರೂ ಸಣ್ಣದು, ಹೆಚ್ಚೆಂದರೆ 0.3 ಪ್ರಮಾಣಿತ ವಿಚಲನೆ ಎಂದುಕೊಳ್ಳಿ. ಅದನ್ನು ಶೇ 80ರ ಖಾತರಿಯೊಂದಿಗೆ ಹಿಡಿಯಲು ಗುಂಪೊಂದಕ್ಕೆ ಸುಮಾರು 178 ಜನ ಬೇಕು (16ನ್ನು 0.3ರ ವರ್ಗದಿಂದ ಭಾಗಿಸಿ). ಐದರಲ್ಲಿ ಒಬ್ಬರು ನಡುವೆ ಬಿಟ್ಟುಹೋಗುತ್ತಾರೆಂದು ಹಿಡಿದರೆ 223. ನಿಮ್ಮ 40 ಜನರಿಂದ ‘ಮಾತ್ರೆ ಕೆಲಸ ಮಾಡುತ್ತದೆಯೇ’ ಎಂಬುದಕ್ಕೆ ಉತ್ತರ ಸಿಗುವುದಿಲ್ಲ. ಹಿರಿಯರು ದಿನಾ ನುಂಗುತ್ತಾರೆಯೇ, ಹೊಟ್ಟೆಗೆ ಒಗ್ಗುತ್ತದೆಯೇ, ಎಷ್ಟು ಜನ ಉಳಿಯುತ್ತಾರೆ ಎಂಬುದಕ್ಕೆ ಸಿಗುತ್ತದೆ. ಪೈಲಟ್ ಅಧ್ಯಯನವೆಂದೇ ಹೆಸರಿಟ್ಟು ಮಾಡಿ, ಬೆಲೆಯುಳ್ಳ ಕೆಲಸವೇ. ಮೂರು ತಿಂಗಳೂ ಅದಕ್ಕೆ ಸಾಕು. ಎಂಸಿಐ ನಿಧಾನಿಸಿತೇ ಎಂದು ಹೇಳಲು ಎರಡು ವರ್ಷವಾದರೂ ಬೇಕು.

ಸಾರ ಕೊಳ್ಳುವಾಗ ಬ್ಯಾಚಿನ ವಿಶ್ಲೇಷಣಾ ಪತ್ರ ಕೇಳಿ ಪಡೆಯಿರಿ, ಅದರ ಮೇಲೆ ಸ್ವತಂತ್ರ ಲ್ಯಾಬಿನಲ್ಲಿ ನೀವೇ ಒಮ್ಮೆ ಪರೀಕ್ಷೆ ಮಾಡಿಸಿ: ಗಿಡ ಬಕೋಪಾವೇ ಹೌದೇ, ಬಕೋಸೈಡ್ ಅಂಶ ಎಷ್ಟು, ಸೀಸ, ಕ್ಯಾಡ್ಮಿಯಂ, ಆರ್ಸೆನಿಕ್, ಪಾದರಸ ಎಷ್ಟು. ನೀರು ಬ್ರಾಹ್ಮಿ ಬೆಳೆಯುವುದು ಜೌಗಿನಲ್ಲಿ. ನೀರು ಕೊಳಕಾಗಿದ್ದರೆ ಲೋಹಗಳನ್ನು ಹೀರಿಕೊಳ್ಳುತ್ತದೆ. ಹಿರಿಯರ ಮೇಲಿನ ಹಿಂದಿನ ಅಧ್ಯಯನಗಳಲ್ಲಿ ಬಳಸಿದ್ದು ದಿನಕ್ಕೆ 300 ಮಿಗ್ರಾಂ ಸಾರ, 12 ವಾರ. ಊಟದ ನಂತರ ಕೊಡಿ. ಖಾಲಿ ಹೊಟ್ಟೆಯಲ್ಲಿ ಕೊಟ್ಟರೆ ಹೊಟ್ಟೆನುಲಿತ, ಭೇದಿ ಹೆಚ್ಚು.

ಯಾರಿಗೆ ಯಾವ ಮಾತ್ರೆ ಎಂಬ ಗುಟ್ಟು ರಟ್ಟಾಗುವುದು ಹೀಗೆ. ಮಾತ್ರೆ ನುಂಗಲಾಗದ ಹಿರಿಯರು ಕ್ಯಾಪ್ಸೂಲ್ ಬಿಚ್ಚಿ ಪುಡಿಯನ್ನು ಮೊಸರಿಗೋ ನೀರಿಗೋ ಬೆರೆಸಿಕೊಳ್ಳುತ್ತಾರೆ. ಒಬ್ಬರಿಗೆ ಕಹಿ, ಪಕ್ಕದ ಮಂಚದವರಿಗೆ ಸಪ್ಪೆ ಎಂದಾದರೆ ಯಾರದು ಪ್ಲಸೀಬೊ ಎಂದು ಸಂಜೆಯೊಳಗೆ ಆಶ್ರಮಕ್ಕೆಲ್ಲ ಗೊತ್ತು. ಆದ್ದರಿಂದ ಪ್ಲಸೀಬೊಗೂ ನಿರಪಾಯದ ಕಹಿ ಅಂಶ ಸೇರಿಸಿ ಮಾಡಿಸಿ, ಬಣ್ಣ ವಾಸನೆ ಒಂದೇ ಇರಲಿ. ಬಹು ವಿಟಮಿನ್ ಪರೀಕ್ಷಿಸುವವರಿಗೆ ಇದೇ ತೊಂದರೆ ಬಿ2ನಿಂದ: ಮೂತ್ರ ಕಡು ಹಳದಿಯಾಗುತ್ತದೆ. ಒಂದೇ ಕೋಣೆಯವರು ಮಾತ್ರೆ ಅದಲು ಬದಲು ಮಾಡಿಕೊಳ್ಳುವುದೂ ಉಂಟು. ಹೆಸರು ಬರೆದ ಬಾಟಲಿ ಕೊಡಿ, ನರ್ಸ್ ಎದುರಿಗೇ ನುಂಗಿಸಲಿ. ಯಾರಿಗೆ ಯಾವುದು ಎಂಬ ಪಟ್ಟಿ ಕಂಪ್ಯೂಟರಿನಿಂದ ಬರಲಿ, ಅದು ಪರೀಕ್ಷೆಗೆ ಸಂಬಂಧವಿಲ್ಲದವರ ಬಳಿ ಇರಲಿ. ನೆನಪು ಅಳೆಯುವವರ ಕಣ್ಣಿಗೆ ಬೀಳಕೂಡದು.

ಬಾಟಲಿಗೆ 90 ದಿನಕ್ಕೆ 100 ಕ್ಯಾಪ್ಸೂಲ್ ಹಾಕಿ ಕೊಟ್ಟರೆ ಮರಳಿ 10 ಬರಬೇಕು. 28 ಬಂದರೆ ಹದಿನೆಂಟು ದಿನ ತಪ್ಪಿದೆ, ಪಾಲನೆ ಶೇ 80. ಒಂದೂ ಬರದಿದ್ದರೆ ಎರಡೆರಡು ನುಂಗಿದ್ದಾರೆ ಅಥವಾ ಹಂಚಿದ್ದಾರೆ, ಮಾತಾಡಿಸಿ ತಿಳಿಯಿರಿ.

ನೆನಪು ಅಳೆಯುವುದರಲ್ಲಿ ಆಗುವ ದೊಡ್ಡ ತಪ್ಪು, ಒಂದೇ ಪ್ರಶ್ನೆಪತ್ರಿಕೆಯನ್ನು ಮತ್ತೆ ಮತ್ತೆ ಕೊಡುವುದು. ಮೊಕಾ ಎಂಬ, 30 ಅಂಕಗಳ ನೆನಪು-ಬುದ್ಧಿ ಪರೀಕ್ಷೆಯ ಐದು ಪದಗಳನ್ನು ಎರಡನೆಯ ಸಲ ಕೇಳಿದಾಗ ಅಂಕ ಏರಿದರೆ ಅದು ಅಭ್ಯಾಸಬಲ. ಬದಲಿ ಆವೃತ್ತಿಗಳಿವೆ, ಅವನ್ನು ಬಳಸಿ. ಇನ್ನೊಂದು ಅದಕ್ಕಿಂತ ಗಂಭೀರ: ಘನದ ಚಿತ್ರ ನಕಲು ಮಾಡು, ಗಡಿಯಾರ ಬರೆ ಎಂದರೆ, ಜೀವಮಾನದಲ್ಲಿ ಪೆನ್ನು ಹಿಡಿಯದ ಅಜ್ಜಿ ಸೋಲುವುದು ಮರೆವಿನಿಂದಲ್ಲ. ಮೊಕಾದ 26ರ ಗೆರೆಯನ್ನು ನಮ್ಮ ಅಕ್ಷರ ಬಾರದ ಹಿರಿಯರಿಗೆ ಹಾಗೇ ಎಳೆದರೆ ಆರೋಗ್ಯವಂತರೂ ‘ರೋಗಿ’ಗಳಾಗಿ ಒಳಗೆ ಬರುತ್ತಾರೆ. ಐಸಿಎಂಆರ್‌ನ ನ್ಯೂರೋಕಾಗ್ನಿಟಿವ್ ಟೂಲ್‌ಬಾಕ್ಸ್ ಕನ್ನಡದಲ್ಲೂ ಇದೆ, ಅದನ್ನು ಆರಿಸಿ. ಬೆಳಿಗ್ಗೆ ಅಳೆದವರನ್ನು ಮತ್ತೆಯೂ ಬೆಳಿಗ್ಗೆಯೇ ಅಳೆಯಿರಿ. ಕನ್ನಡಕ, ಕಿವಿಯ ಯಂತ್ರ ಹಾಕಿಸಿಯೇ ಕೂರಿಸಿ. ಖಿನ್ನತೆ ಇದೆಯೇ, ನಿದ್ದೆಗೋ ಅಲರ್ಜಿಗೋ ಮಂಪರು ತರುವ ಮಾತ್ರೆ ತಿನ್ನುತ್ತಾರೆಯೇ ಎಂದು ಸೇರಿಸಿಕೊಳ್ಳುವ ಮುನ್ನವೇ ನೋಡಿ. ಊರಿನ ಡಾಕ್ಟರು ‘ಶಕ್ತಿಗೆ’ ಎಂದು ಚುಚ್ಚುವ ಕೆಂಪು ಇಂಜೆಕ್ಷನ್ ಬಹುಪಾಲು ಬಿ12. ಹಿರಿಯರಿಗೆ ಅದರ ಹೆಸರು ಗೊತ್ತಿರುವುದಿಲ್ಲ, ಬಣ್ಣ ಹೇಳಿ ಕೇಳಿ.

ಹೋಮೋಸಿಸ್ಟೀನ್ ನೋಡುವುದಾದರೆ ರಕ್ತದ ವಿಷಯದಲ್ಲಿ ಬಹಳ ಎಚ್ಚರ ಬೇಕು. ಟ್ಯೂಬಿನೊಳಗೂ ಕೆಂಪು ರಕ್ತಕಣಗಳು ಅದನ್ನು ಬಿಡುತ್ತಲೇ ಇರುತ್ತವೆ; ಕೋಣೆಯ ಉಷ್ಣತೆಯಲ್ಲಿ ಗಂಟೆಗೆ ಸುಮಾರು ಶೇ 10 ಏರುತ್ತದೆ. ಆಶ್ರಮದಲ್ಲಿ ಬೆಳಿಗ್ಗೆ ತೆಗೆದ ರಕ್ತ ಬ್ಯಾಗಿನಲ್ಲಿ ಮೂರು ಗಂಟೆ ಕುಳಿತು ಲ್ಯಾಬಿಗೆ ಹೋದರೆ 12 ಇದ್ದದ್ದು 15 ದಾಟಿರುತ್ತದೆ. ತೆಗೆದ ಕೂಡಲೇ ಮಂಜುಗಡ್ಡೆಯಲ್ಲಿಟ್ಟು, ಒಂದು ಗಂಟೆಯೊಳಗೆ ಸೆಂಟ್ರಿಫ್ಯೂಜ್ ಮಾಡಿ ಪ್ಲಾಸ್ಮಾ ಬೇರ್ಪಡಿಸಿ. ಹತ್ತಿರ ಲ್ಯಾಬ್ ಇಲ್ಲದಿದ್ದರೆ ಸಣ್ಣ ಸೆಂಟ್ರಿಫ್ಯೂಜ್ ಅನ್ನೇ ಅಲ್ಲಿಗೆ ಒಯ್ಯಿರಿ.

ನೈತಿಕ ಸಮಿತಿಯ ಒಪ್ಪಿಗೆ ಮತ್ತು ಸಿಟಿಆರ್‌ಐ (ದೇಶದ ಔಷಧ ಪರೀಕ್ಷೆಗಳ ನೋಂದಣಿ ಪಟ್ಟಿ) ನೋಂದಣಿ ಮೊದಲ ಹಿರಿಯರನ್ನು ಸೇರಿಸುವ ಮೊದಲೇ ಆಗಬೇಕು. 2018ರ ಏಪ್ರಿಲ್‌ನಿಂದ ಸಿಟಿಆರ್‌ಐ ಹಿಂದಿನ ದಿನಾಂಕದ ನೋಂದಣಿಯನ್ನು ತೆಗೆದುಕೊಳ್ಳುತ್ತಿಲ್ಲ.

ಪ್ರಶ್ನೆ: ಅಪ್ಪ ನಮ್ಮ ಜೊತೆ ಇಲ್ಲೇ ಇದ್ದಾರೆ. ಎರಡು ತಿಂಗಳು ಮಲ್ಟಿವಿಟಮಿನ್ ಕೊಟ್ಟು, ಎರಡು ತಿಂಗಳು ನಿಲ್ಲಿಸಿ, ಮನೆಯಲ್ಲೇ ವ್ಯತ್ಯಾಸ ನೋಡಬಹುದೇ? (ನ್ಯೂಜೆರ್ಸಿ)

ಉತ್ತರ: ನೋಡಿದರೂ ಏನೂ ತಿಳಿಯುವುದಿಲ್ಲ. ಒಂದು ರಾತ್ರಿ ನಿದ್ದೆಗೆಟ್ಟರೆ ಆಗುವ ಏರಿಳಿತ ಮಾತ್ರೆಯ ಪರಿಣಾಮಕ್ಕಿಂತ ದೊಡ್ಡದು, ಬಿ12 ಒಮ್ಮೆ ದೇಹದಲ್ಲಿ ತುಂಬಿದರೆ ಎರಡು ತಿಂಗಳಲ್ಲಿ ಇಳಿಯುವುದೂ ಇಲ್ಲ. ಅಪಾಯಗಳನ್ನು ಮಾತ್ರ ತಿಳಿದಿರಿ. ಬಿ6 ಹೆಚ್ಚು ಪ್ರಮಾಣದಲ್ಲಿ ಬಹುಕಾಲ ತಿಂದರೆ ಪಾದ ಜೋಮು ಹಿಡಿಯುತ್ತದೆ. ಬಿ12 ಕೊರತೆ ಇದ್ದವರು ಬರೀ ಫೋಲಿಕ್ ಆಸಿಡ್ ತಿಂದರೆ ರಕ್ತಹೀನತೆ ಮರೆಯಾಗಿ ನರದ ಹಾನಿ ಒಳಗೊಳಗೇ ಬೆಳೆಯುತ್ತದೆ. ಬಯೋಟಿನ್ ಇರುವ ಮಾತ್ರೆ ಥೈರಾಯ್ಡ್ ಪರೀಕ್ಷೆಯನ್ನು ತಪ್ಪು ತೋರಿಸುತ್ತದೆ, ರಕ್ತ ಕೊಡುವ ಎರಡು ದಿನ ಮೊದಲೇ ನಿಲ್ಲಿಸಿ. ಮಧುಮೇಹದಿಂದ ಮೂತ್ರಪಿಂಡ ಕೆಟ್ಟವರಿಗೆ ಹೆಚ್ಚು ಪ್ರಮಾಣದ ಬಿ ವಿಟಮಿನ್ ಕೊಟ್ಟ ಕೆನಡಾದ ಪರೀಕ್ಷೆಯೊಂದರಲ್ಲಿ (2010) ಮೂತ್ರಪಿಂಡ ಇನ್ನೂ ಬೇಗ ಕೆಟ್ಟಿತು. ವಾರ್ಫರಿನ್‌ನಂಥ ರಕ್ತ ತೆಳುವಾಗಿಸುವ ಮಾತ್ರೆ ತಿನ್ನುತ್ತಿದ್ದರೆ ಗಿಂಕೊ, ಹೆಚ್ಚಿನ ವಿಟಮಿನ್ ಇ ಬೇಡ.

ಪ್ರಶ್ನೆ: ಆಸ್ಪತ್ರೆಯೊಂದು ನಮ್ಮ ಮಾವನವರನ್ನು ಇಂಥದೇ ಪರೀಕ್ಷೆಗೆ ಕರೆದಿದೆ. ಎರಡು ವರ್ಷ, ನಾಲ್ಕಾರು ಸಲ ರಕ್ತ, ಎರಡು ಸ್ಕ್ಯಾನ್. ಸಹಿ ಹಾಕುವ ಮೊದಲು ಏನು ಕೇಳಬೇಕು? (ಹುಬ್ಬಳ್ಳಿ)

ಉತ್ತರ: ಮಾಹಿತಿ ಪತ್ರ ಕನ್ನಡದಲ್ಲಿ ಕೊಡಿ ಎನ್ನಿ, ಮನೆಗೆ ತಂದು ಎರಡು ದಿನ ಓದಿ. ಎಂಸಿಐ ಇದ್ದವರು ಸಾಮಾನ್ಯವಾಗಿ ತಾವೇ ನಿರ್ಧರಿಸಬಲ್ಲರು, ಆದ್ದರಿಂದ ಒಪ್ಪಿಗೆ ಮಾವನವರದೇ ಆಗಿರಬೇಕು. ಓದಿ ಹೇಳಿದ ಮೇಲೆ ‘ಏನು ಮಾಡುತ್ತಾರಂತೆ, ಬೇಡವೆನಿಸಿದರೆ ಏನು ಮಾಡಬಹುದು’ ಎಂದು ಅವರ ಬಾಯಲ್ಲೇ ಹೇಳಿಸಿ. ಹೇಳಲಾಗದಿದ್ದರೆ ಇನ್ನೊಮ್ಮೆ ವಿವರಿಸಲು ಕೇಳಿ.

ಸಿಟಿಆರ್‌ಐ ಸಂಖ್ಯೆ ಕೇಳಿ ಅದರ ಜಾಲತಾಣದಲ್ಲಿ ಹುಡುಕಿ. ಎಷ್ಟು ಜನ, ಎಷ್ಟು ತಿಂಗಳು, ಏನನ್ನು ಅಳೆಯುತ್ತಾರೆ ಎಲ್ಲ ಅಲ್ಲಿರುತ್ತದೆ. ಪತ್ರದಲ್ಲಿರುವುದಕ್ಕೂ ಅಲ್ಲಿರುವುದಕ್ಕೂ ತಾಳೆಯಾಗದಿದ್ದರೆ ಕಾರಣ ಕೇಳಿ. ಮಾತ್ರೆ, ಸ್ಕ್ಯಾನ್, ರಕ್ತಪರೀಕ್ಷೆಗೆ ನೀವು ಹಣ ಕೊಡುವಂತಿಲ್ಲ. ಹಾನಿಯಾದರೆ ಚಿಕಿತ್ಸೆ, ಪರಿಹಾರ ಯಾರ ಹೊಣೆ ಎಂಬುದು ಬರಹದಲ್ಲಿರಬೇಕು. ಯಾವಾಗ ಬೇಕಾದರೂ ಹೊರಬರಬಹುದು, ಬಂದರೆ ಆಸ್ಪತ್ರೆಯ ಮಾಮೂಲಿ ಚಿಕಿತ್ಸೆಗೆ ಅಡ್ಡಿಯಿಲ್ಲ ಎಂಬುದೂ.

ಈಗ ತಿನ್ನುತ್ತಿರುವ ಎಲ್ಲವನ್ನೂ, ಚ್ಯವನಪ್ರಾಶ, ಮೀನೆಣ್ಣೆ, ಬಿ ಕಾಂಪ್ಲೆಕ್ಸ್ ಸೇರಿಸಿ, ಒಂದು ಚೀಲಕ್ಕೆ ಹಾಕಿ ಮೊದಲ ಭೇಟಿಗೇ ಒಯ್ಯಿರಿ. ಪೇಸ್‌ಮೇಕರ್, ಮೈಯಲ್ಲಿ ಲೋಹದ ಕ್ಲಿಪ್ ಏನಿದ್ದರೂ ಎಂಆರ್‌ಐಗೆ ಮೊದಲೇ ತಿಳಿಸಿ. ಜೊತೆಗೊಬ್ಬರು ಬೇಕೆಂದು ಕೇಳುತ್ತಾರೆ. ಪ್ರತಿ ಸಲವೂ ಅದೇ ಮಗಳು ಅಥವಾ ಅದೇ ಸೊಸೆ ಹೋಗಿ. ಮರೆವಿನ ಬಗ್ಗೆ ಒಮ್ಮೆ ಒಬ್ಬರು, ಇನ್ನೊಮ್ಮೆ ಬೇರೊಬ್ಬರು ಹೇಳಿದರೆ ಅಂಕ ಏರುಪೇರಾಗುತ್ತದೆ. ಮಾವನವರ ಬಿ12, ಥೈರಾಯ್ಡ್ ವರದಿಗಳ ಪ್ರತಿ ಆರಂಭದಲ್ಲೇ ನಿಮಗೂ ಕೊಡುತ್ತಾರೆಯೇ ಎಂದು ಕೇಳಿ ಬರೆಸಿಕೊಳ್ಳಿ. ಅವರು ಪ್ಲಸೀಬೊ ಗುಂಪಿಗೆ ಬಿದ್ದರೂ ಆ ವರದಿ ಹಿಡಿದು ನಿಮ್ಮ ಡಾಕ್ಟರ ಹತ್ತಿರ ಹೋಗಬಹುದು.