ತೀರಿಕೊಂಡ ಗೆಳೆಯನನ್ನು ಪ್ರಬಂಧದಿಂದ ಹೊರಗಿಡಬೇಡಿ

ಬೆಂಗಳೂರಿನ ಮೆಟಲ್ ಸಂಗೀತದ (ಅಬ್ಬರದ ರಾಕ್ ಸಂಗೀತದ) ಹುಡುಗರ ಬಗ್ಗೆ ಸಂಶೋಧನಾ ಪ್ರಬಂಧ ಬರೆಯುವಾಗ, ಅವರಲ್ಲೊಬ್ಬನಾಗಿದ್ದು ತೀರಿಕೊಂಡ ಗೆಳೆಯನನ್ನು ವಸ್ತುನಿಷ್ಠತೆಗಾಗಿ ಬಿಟ್ಟುಬಿಡಲೇ ಎಂದು ಕೇಳಿದ್ದೀರಿ. ಬೇಡ. ನಾನು ಹಾಗೆ ಬಿಟ್ಟವನು.

2007ರ ಮಾರ್ಚ್ 17ರಂದು ಅರಮನೆ ಮೈದಾನಕ್ಕೆ ಬ್ರಿಟನ್ನಿನ ಮೆಟಲ್ ತಂಡ ಐರನ್ ಮೇಡನ್ ಬಂದಾಗ ನಾನು, ನನ್ನ ಗೆಳೆಯ ಇಬ್ಬರೂ ಅಲ್ಲಿದ್ದೆವು. ಅವನು ರಾಜಾಜಿನಗರದವನು, ಹಗಲು ಮುದ್ರಣಾಲಯದ ಕೆಲಸ, ಸಂಜೆ ಬೇಸ್ ಗಿಟಾರ್. ನಾನು ಸಮಾಜಶಾಸ್ತ್ರದ ವಿದ್ಯಾರ್ಥಿ. 1964ರಲ್ಲಿ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ಶುರುವಾದ ಸಂಸ್ಕೃತಿ ಅಧ್ಯಯನ ಕೇಂದ್ರದ ವಿಚಾರಗಳು ನನ್ನ ತಲೆ ತುಂಬಿದ್ದವು: ಯುವಕರ ಉಡುಪು, ಕೂದಲು, ಸಂಗೀತವೆಲ್ಲ ಪ್ರಬಲ ಸಂಸ್ಕೃತಿಗೆ ತೋರುವ ಪ್ರತಿರೋಧ. ಆ ಕೇಂದ್ರದವರು ಕಂಡದ್ದು ಎರಡನೇ ಮಹಾಯುದ್ಧಾನಂತರದ ಬ್ರಿಟನ್ನಿನ ಕಾರ್ಮಿಕರ ಮಕ್ಕಳನ್ನು. ಆ ಅಳತೆಯ ಅಂಗಿಯನ್ನು ನಾನು ಗೆಳೆಯನಿಗೆ ತೊಡಿಸಿದೆ.

ಅವನು ಹೇಳಿದ್ದೇ ಬೇರೆ. ಕಪ್ಪು ಟಿ-ಶರ್ಟಿಗೆ ಅಮ್ಮನೇ ಇಸ್ತ್ರಿ ಹಾಕಿಕೊಡುತ್ತಿದ್ದರು. ಶನಿವಾರ ಆಂಜನೇಯನ ಗುಡಿ ಮುಗಿಸಿಯೇ ಅಭ್ಯಾಸಕ್ಕೆ ಬರುತ್ತಿದ್ದ. ಗಿಟಾರ್ ಕೊಂಡದ್ದು ಚೀಟಿ ಎತ್ತಿದ ಹಣದಲ್ಲಿ. ಪ್ರತಿರೋಧಕ್ಕೆ ಒಗ್ಗದ ಇದೆಲ್ಲವನ್ನೂ ಕೈಬಿಟ್ಟೆ. ಮಿಕ್ಕದ್ದನ್ನು ಇಂಗ್ಲಿಷಿಗೆ ತಿರುಗಿಸಿ, ಅವನನ್ನು ‘ಒಬ್ಬ ಮಾಹಿತಿದಾರ’ ಎಂದು ಕರೆದೆ. ಆಮೇಲೆ ರೆಕಾರ್ಡರಿನಲ್ಲಿ ಜಾಗ ಬೇಕೆಂದು ಅವನ ಸಂದರ್ಶನವನ್ನು ಅಳಿಸಿದೆ. ಕಂಪ್ಯೂಟರಿಗೆ ಇಳಿಸಿಕೊಳ್ಳಬಹುದಿತ್ತು. ಕೇಬಲ್ ಇತ್ತು, ಸಮಯವೂ ಇತ್ತು. ಬೇಕಾದದ್ದನ್ನು ಬರೆದುಕೊಂಡಾಯಿತಲ್ಲ ಎಂದುಕೊಂಡೆ. ಯಾವುದು ಬೇಕು ಎಂಬುದನ್ನು ಅವನನ್ನು ಕೇಳುವ ಮೊದಲೇ ತೀರ್ಮಾನಿಸಿಬಿಟ್ಟಿದ್ದೆ.

2011ರ ಅಕ್ಟೋಬರ್‌ನಲ್ಲಿ ಅದೇ ಮೈದಾನಕ್ಕೆ ಅಮೆರಿಕದ ಮೆಟಲ್ ತಂಡ ಮೆಟಾಲಿಕಾ ಬಂದಾಗ ಅವನು ಇರಲಿಲ್ಲ. “ಅವನ ದನಿ ನಿನ್ನ ಹತ್ತಿರ ಇದೆಯಂತಲ್ಲಪ್ಪಾ, ಒಮ್ಮೆ ಕೇಳಿಸು” ಎಂದರು ಅವನ ತಾಯಿ. ಕೇಳಿಸಲು ಏನೂ ಇರಲಿಲ್ಲ.

ಆದ್ದರಿಂದ ಗೆಳೆತನವೋ ವಸ್ತುನಿಷ್ಠತೆಯೋ ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಅವನು ನಿಮ್ಮ ಗೆಳೆಯ ಎಂದು ಮೊದಲ ಅಧ್ಯಾಯದಲ್ಲೇ ಬರೆಯಿರಿ. ಅದನ್ನು ಮುಚ್ಚಿಡುವುದೇ ಅಪ್ರಾಮಾಣಿಕತೆ. ಮನೆಯವರ ಒಪ್ಪಿಗೆ ಪಡೆಯಿರಿ, ಹೆಸರು ಬದಲಿಸಿ, ಆದರೆ ಮಾತನ್ನು ಅವನು ಆಡಿದ ಕನ್ನಡದಲ್ಲೇ ಉಳಿಸಿ. ಬಂಡಾಯವೆಂದರೇನು ಎಂದು ಯಾರನ್ನೂ ಕೇಳಬೇಡಿ. ಟಿಕೆಟ್ ದುಡ್ಡು ಎಲ್ಲಿಂದ ಬಂತು, ರಾತ್ರಿ ಬಾಗಿಲು ತೆರೆದವರು ಯಾರು ಎಂದು ಕೇಳಿ. ಅವನ ತಂಡದವರ ಹಳೆಯ ಮೊಬೈಲ್‌ಗಳಲ್ಲಿ ದನಿ, ವಿಡಿಯೊ ಏನಿದ್ದರೂ ಈ ವಾರವೇ ಎರಡು ಕಡೆ ಪ್ರತಿ ಮಾಡಿಟ್ಟುಕೊಳ್ಳಿ, ಒಂದನ್ನು ಅವನ ಮನೆಗೆ ಕೊಡಿ. ಸಿದ್ಧಾಂತದ ಅಧ್ಯಾಯ ಮುಂದಿನ ತಿಂಗಳು ಬರೆದರೂ ನಡೆಯುತ್ತದೆ.