ವಿಡಿಯೋ ಮಾಡಲು ಕಡಿಮೆ ಬೆಲೆಯ ಡಿಎಸ್‌ಎಲ್‌ಆರ್ ಸಾಕೇ, ಸಾಲ ಮಾಡಿಯಾದರೂ ದೊಡ್ಡದನ್ನೇ ಕೊಳ್ಳಬೇಕೇ?

ನೀವು ಕೇಳಿರುವುದು ಇಷ್ಟು: ಕೈಯಲ್ಲಿ 50 ಸಾವಿರ ಇದೆ. ಊರಿನ ತಾಳಮದ್ದಲೆ, ನೆಂಟರ ಮನೆಯ ಕಾರ್ಯಗಳನ್ನು ಶೂಟ್ ಮಾಡಿ ಯೂಟ್ಯೂಬಿಗೆ ಹಾಕಬೇಕು, ಮುಂದೆ ಒಂದು ಕಿರುಚಿತ್ರವನ್ನೂ ಮಾಡಬೇಕು. ಕ್ಯಾನನ್ 1500ಡಿ ತಗೊಂಡು ಶುರು ಮಾಡುವುದೋ, ಸೊಸೈಟಿಯಲ್ಲಿ ಸಾಲ ಎತ್ತಿ ಸೆಕೆಂಡ್ ಹ್ಯಾಂಡ್ 5ಡಿ ಮಾರ್ಕ್ 4 ಕೊಳ್ಳುವುದೋ?

ಎರಡೂ ಬೇಡ. ಯಾಕೆ ಅಂತ ಹೇಳುವ ಮೊದಲು ನನ್ನದೇ ಒಂದು ಫಜೀತಿ ಕೇಳಿ.

ನಾನು ಶಿರಸಿ ಕಡೆಯವನು. ಕೊಯ್ಲು ಮುಗಿದ ಮೇಲೆ ಸುತ್ತಮುತ್ತಲ ತಾಳಮದ್ದಲೆಗಳನ್ನು ರೆಕಾರ್ಡ್ ಮಾಡುವ ಹುಚ್ಚು. ಕೆಲವು ವರ್ಷಗಳ ಹಿಂದೆ ಒಳ್ಳೊಳ್ಳೆಯ ಅರ್ಥಧಾರಿಗಳು (ಪಾತ್ರವಾಗಿ ಮಾತಾಡುವವರು) ಸೇರುವ ಒಂದು ಕೂಟ ಇತ್ತು. ಈ ಸಲ ಕಮ್ಮಿ ಆಗಬಾರದು ಅಂತ 5ಡಿ ಮಾರ್ಕ್ 4 ಮತ್ತು ಎರಡು ದೊಡ್ಡ ಲೆನ್ಸ್ ಬಾಡಿಗೆಗೆ ತಂದೆ. ದೇವಸ್ಥಾನದ ಚಂದ್ರಶಾಲೆಯ ಹಿಂದಿನ ಕಂಬದ ಹತ್ತಿರ ಟ್ರೈಪಾಡ್ ಇಟ್ಟೆ. ಚಿತ್ರದ ವಿಷಯ ಕೇಳಬೇಡಿ, ಭಾಗವತರ ಮುಂಡಾಸಿನ ಎಳೆ ಎಳೆ ಕಾಣುತ್ತಿತ್ತು. ಮಾತು ಮಾತ್ರ ಕ್ಯಾಮೆರಾದ ಒಳಗಿನ ಮೈಕಿಗೆ ಬಿದ್ದದ್ದು: ಮೇಲೆ ತಿರುಗುವ ಫ್ಯಾನು, ಪಕ್ಕದಲ್ಲಿ ಚಕ್ಕುಲಿ ಮುರಿಯುವ ಹುಡುಗರು, ಗೋಡೆಗೆ ಬಡಿದು ವಾಪಸ್ ಬರುವ ಚಂಡೆ, ಇವೆಲ್ಲದರ ಹಿಂದೆ ಎಲ್ಲೋ ಒಬ್ಬ ಕೌರವ. ಅದೂ ಸಾಲದ್ದಕ್ಕೆ ಕೌರವ ಮಾತಿನ ಏರಿನಲ್ಲಿದ್ದಾಗ ರೆಕಾರ್ಡಿಂಗ್ ತಾನಾಗಿ ನಿಂತಿತ್ತು. ನಾಲ್ಕೈದು ನಿಮಿಷ ನಾನು ನೋಡಿರಲೇ ಇಲ್ಲ.

ವಿಡಿಯೋ ಹಾಕಿದ ಮರುದಿನ ಊರಿನ ಹಿರಿಯರೊಬ್ಬರ ಫೋನು: 'ಚಿತ್ರ ಚೊಲೋ ಬಂಜು ಮಾರಾಯ, ಆದ್ರೆ ಕೌರವ ಎಂತ ಹೇಳ್ದ ಹೇಳೇ ಗೊತ್ತಾಜಿಲ್ಲೆ.'

ತಾಳಮದ್ದಲೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಇರುವುದೇ ಮಾತು ಮತ್ತು ಹಾಡು. ಲಕ್ಷದ ಕ್ಯಾಮೆರಾದಲ್ಲಿ ನಾನು ಅದನ್ನೇ ಕಳೆದುಕೊಂಡಿದ್ದೆ.

ಈಗ ವಿಷಯಕ್ಕೆ ಬರೋಣ. ಡಿಎಸ್‌ಎಲ್‌ಆರ್ ಮೂಲದಲ್ಲಿ ಫೋಟೋ ಯಂತ್ರ. 2008ರಲ್ಲಿ ನಿಕಾನ್ ಡಿ90 ಮೊದಲ ಬಾರಿಗೆ ಅದರಲ್ಲಿ 720ಪಿ ವಿಡಿಯೋ (ಈ ಸಂಖ್ಯೆ ಹೆಚ್ಚಿದಷ್ಟು ಚಿತ್ರ ಸ್ಪಷ್ಟ) ಕೊಟ್ಟಿತು. ಬೆನ್ನಿಗೇ ಕ್ಯಾನನ್ 5ಡಿ ಮಾರ್ಕ್ 2 ಫುಲ್ ಫ್ರೇಮ್, ಅಂದರೆ ಹಳೆಯ ಫಿಲ್ಮಿನ ಚೌಕಟ್ಟಿನಷ್ಟು ದೊಡ್ಡ ಸೆನ್ಸರಿನಲ್ಲಿ 1080ಪಿ ತಂದಿತು. 2010ರಲ್ಲಿ ಅಮೆರಿಕದ 'ಹೌಸ್' ಧಾರಾವಾಹಿಯ ಒಂದು ಕಂತನ್ನು ಅದರಲ್ಲೇ ತೆಗೆದರು, ಅಲ್ಲಿಂದ ಎಲ್ಲರಿಗೂ ಡಿಎಸ್‌ಎಲ್‌ಆರ್ ಸಿನಿಮಾದ ಹುಚ್ಚು ಹಿಡಿಯಿತು. ಆದರೆ ಬೆಲೆಯ ಏಣಿ ಮಾತ್ರ ಫೋಟೋದವರ ಲೆಕ್ಕದಲ್ಲೇ ಉಳಿಯಿತು. 5ಡಿ ಮಾರ್ಕ್ 4ಕ್ಕೆ ಕೊಡುವ ಹಣದಲ್ಲಿ ಏನೇನು ಬರುತ್ತದೆ ನೋಡಿ: ದೊಡ್ಡ ವ್ಯೂಫೈಂಡರ್, ಅದರೊಳಗಿನ 61 ಪಾಯಿಂಟಿನ ಫೋಕಸ್, ಸೆಕೆಂಡಿಗೆ ಏಳು ಫೋಟೋ, ಲಕ್ಷಕ್ಕೂ ಮಿಕ್ಕಿ ಕ್ಲಿಕ್ ತಾಳುವ ಶಟರ್. ವಿಡಿಯೋ ಶುರು ಮಾಡಿದೊಡನೆ, ವ್ಯೂಫೈಂಡರಿಗೆ ಚಿತ್ರ ಕಳಿಸುವ ಒಳಗಿನ ಕನ್ನಡಿ ಮೇಲಕ್ಕೆ ಹೋಗಿ ಕೂರುತ್ತದೆ. ವ್ಯೂಫೈಂಡರ್ ಕತ್ತಲು, 61 ಪಾಯಿಂಟು ಕತ್ತಲು, ಆ ಶಟರಿಗೂ ಕೆಲಸವಿಲ್ಲ. ನೀವು ನೋಡುವುದು ಹಿಂದಿನ ಸ್ಕ್ರೀನನ್ನು. 5ಡಿಯಲ್ಲಿ ಆ ಸ್ಕ್ರೀನ್ ತಿರುಗುವುದೂ ಇಲ್ಲ!

1080ಪಿಗಿಂತ ಸ್ಪಷ್ಟವಾದ 4ಕೆ ಆಸೆ ಇದ್ದರೆ ಇನ್ನೊಂದು ಲೆಕ್ಕ. ಮಾರ್ಕ್ 4 ತನ್ನ 4ಕೆಯನ್ನು ಮೋಷನ್ ಜೆಪೆಗ್ ರೂಪದಲ್ಲಿ (ಪ್ರತಿ ಫ್ರೇಮೂ ಒಂದೊಂದು ಫೋಟೋ) ಸೆಕೆಂಡಿಗೆ ಸುಮಾರು 500 ಮೆಗಾಬಿಟ್ ಲೆಕ್ಕದಲ್ಲಿ ಬರೆಯುತ್ತದೆ. ಅಂದರೆ ನಿಮಿಷಕ್ಕೆ ಮೂರೂಮುಕ್ಕಾಲು ಜಿಬಿ. ಎರಡು ತಾಸಿನ ತಾಳಮದ್ದಲೆಗೆ 450 ಜಿಬಿ. ಕಾರ್ಡು ಕೊಳ್ಳುವುದಕ್ಕೇ ಇನ್ನೊಂದು ಸಾಲ ಬೇಕಾದೀತು. ಅಷ್ಟಾಗಿಯೂ 4ಕೆಯಲ್ಲಿ ಅದು ಸೆನ್ಸರಿನ ನಡುಭಾಗವನ್ನಷ್ಟೇ ಬಳಸುತ್ತದೆ. 24 ಎಂಎಂ ಲೆನ್ಸ್ ಹಾಕಿದರೆ 42 ಎಂಎಂ ಹಾಕಿದಂತೆ ಕಾಣುತ್ತದೆ. ಫುಲ್ ಫ್ರೇಮಿಗೆ ದುಡ್ಡು ಕೊಟ್ಟು ಅರ್ಧ ಫ್ರೇಮು ಬಳಸಿದ ಹಾಗೆ.

ಹಾಗಾದರೆ 1500ಡಿ? ಅದರ ಚಿತ್ರದ ಬಗ್ಗೆ ನನಗೆ ತಕರಾರಿಲ್ಲ, 24 ಮೆಗಾಪಿಕ್ಸೆಲ್ ಸೆನ್ಸರ್, 1080ಪಿ ಚೆನ್ನಾಗಿಯೇ ಬರುತ್ತದೆ. ಆದರೆ ಅದಕ್ಕೆ ಮೈಕ್ ಜಾಕ್, ಅಂದರೆ ಹೊರಗಿನ ಮೈಕ್ ಚುಚ್ಚುವ ತೂತು, ಇಲ್ಲ. ಸ್ಕ್ರೀನ್ ತಿರುಗುವುದಿಲ್ಲ. ನಡೆದು ಬರುವ ಮನುಷ್ಯನನ್ನು ತಾನಾಗಿ ಹಿಂಬಾಲಿಸಿ ಫೋಕಸ್ ಮಾಡುವುದಿಲ್ಲ. ನಿಕಾನ್ ಡಿ3500ರಲ್ಲೂ ಮೈಕ್ ಜಾಕ್ ಇಲ್ಲ, ತಿರುಗುವ ಸ್ಕ್ರೀನೂ ಇಲ್ಲ. ಕಂಪನಿಗಳು ವಿಡಿಯೋದವರಿಗೆ ಗೆರೆ ಎಳೆಯುವುದು ಇಂಥ ಕಡೆ.

ನಿಮಗೆ ಬೇಕಾದದ್ದು ಒಂದೇ ಮೆಟ್ಟಿಲು ಮೇಲೆ: ಕ್ಯಾನನ್ 200ಡಿ ಮಾರ್ಕ್ 2, ಇಲ್ಲವೇ ಒಳ್ಳೆಯ ಸ್ಥಿತಿಯ ಹಳೆಯ 80ಡಿ. ಎರಡರಲ್ಲೂ ಮೈಕ್ ಜಾಕ್ ಇದೆ, ಸ್ಕ್ರೀನ್ ಎಲ್ಲ ಕಡೆ ಮಡಚುತ್ತದೆ, ಡ್ಯುಯಲ್ ಪಿಕ್ಸೆಲ್ ಫೋಕಸ್ ಇದೆ. ಸ್ಕ್ರೀನಿನಲ್ಲಿ ಮುಖ ಮುಟ್ಟಿದರೆ ಫೋಕಸ್ ಮೆತ್ತಗೆ ಅಲ್ಲಿಗೆ ಜಾರುತ್ತದೆ, ಹಿಂದೆ ಮುಂದೆ ತಡಕಾಡುವುದಿಲ್ಲ. 80ಡಿಯಲ್ಲಿ ರೆಕಾರ್ಡ್ ಆಗುವ ಸದ್ದು ಕೇಳಲು ಹೆಡ್‌ಫೋನ್ ಜಾಕೂ ಉಂಟು, 200ಡಿಯಲ್ಲಿ ಇಲ್ಲ. ನಾನಾದರೆ ಆ ಒಂದು ತೂತಿಗಾಗಿಯೇ 80ಡಿ ಹುಡುಕುತ್ತೇನೆ. 200ಡಿ ಮಾರ್ಕ್ 2ರ ಪೆಟ್ಟಿಗೆಯ ಮೇಲೆ 4ಕೆ ಅಂತ ಬರೆದದ್ದನ್ನು ನೋಡಿ ಮರುಳಾಗಬೇಡಿ. 4ಕೆಗೆ ಹಾಕಿದರೆ ಚೌಕಟ್ಟು ಇನ್ನಷ್ಟು ಕಿರಿದಾಗುತ್ತದೆ, ಆ ಒಳ್ಳೆಯ ಫೋಕಸೂ ಕೈಕೊಡುತ್ತದೆ. 1080ಪಿಯಲ್ಲೇ ಇರಿ. ಫೋನಿನಲ್ಲಿ ನೋಡುವವರಿಗೆ ಅಷ್ಟು ಸಾಕು.

'ಆದರೆ ನಮ್ಮ ಊರಿನ ದೇವಸ್ಥಾನದಲ್ಲಿ ಬೆಳಕು ಕಮ್ಮಿ, ಫುಲ್ ಫ್ರೇಮ್ ಬೇಕಲ್ಲವೇ' ಅಂತ ಕೇಳುವಿರಿ. ನ್ಯಾಯವಾದ ಪ್ರಶ್ನೆ, ದೊಡ್ಡ ಕ್ಯಾಮೆರಾ ನಿಜಕ್ಕೂ ಗೆಲ್ಲುವ ಜಾಗವೂ ಅದೇ. ಫುಲ್ ಫ್ರೇಮ್ ಸೆನ್ಸರಿನ ವಿಸ್ತಾರ ಕ್ಯಾನನ್ನಿನ ಸಣ್ಣ ಸೆನ್ಸರಿನ ಎರಡೂವರೆ ಪಟ್ಟು. ಆದರೆ ಕ್ಯಾಮೆರಾ ಜೊತೆ ಬರುವ 18-55 ಲೆನ್ಸ್ ಪೂರ್ತಿ ಜೂಮಿನಲ್ಲಿ ಎಫ್/5.6ಕ್ಕೆ ನಿಲ್ಲುತ್ತದೆ (ಎಫ್ ಸಂಖ್ಯೆ ಕಮ್ಮಿಯಾದಷ್ಟು ಬೆಳಕು ಹೆಚ್ಚು). ಅದನ್ನು ತೆಗೆದು 50 ಎಂಎಂ ಎಫ್/1.8 ಹಾಕಿದರೆ ಒಳಗೆ ಬರುವ ಬೆಳಕು ಹತ್ತಿರ ಹತ್ತಿರ ಹತ್ತು ಪಟ್ಟು. ಎರಡೂವರೆ ಪಟ್ಟಿಗೆ ಲಕ್ಷದ ಲೆಕ್ಕ, ಹತ್ತು ಪಟ್ಟಿಗೆ ಕೆಲವು ಸಾವಿರದ ಲೆಕ್ಕ. ಸಣ್ಣ ಸೆನ್ಸರಿನಲ್ಲಿ ಆ 50 ಎಂಎಂ 80ರಂತೆ ಕಾಣುವುದರಿಂದ ಇಡೀ ಹಿಮ್ಮೇಳ ಚೌಕಟ್ಟಿಗೆ ಬರಲಿಕ್ಕಿಲ್ಲ, ಒಬ್ಬ ಅರ್ಥಧಾರಿಯ ಮುಖಕ್ಕೆ ಮಾತ್ರ ಅದಕ್ಕಿಂತ ಒಳ್ಳೆಯದು ಬೇಡ.

ಉಳಿದ ದುಡ್ಡನ್ನು ಸದ್ದಿಗೆ ಹಾಕಿ. ಆ ಫಜೀತಿಯ ಮರುವರ್ಷ ಅದೇ ಕೂಟಕ್ಕೆ ಗೆಳೆಯನ 200ಡಿ ಒಯ್ದೆ, ಜೊತೆಗೆ ಒಂದು ಜೂಮ್ ಎಚ್1ಎನ್ ರೆಕಾರ್ಡರ್. ಮೈಕ್ ಸೆಟ್‌ನವನಿಗೆ ಮೊದಲೇ ಒಂದು ಚಾ ಕುಡಿಸಿ, ಅವನ ಮಿಕ್ಸರಿನಿಂದ ಒಂದು ವೈರು ಎಳೆದು ರೆಕಾರ್ಡರಿಗೆ ಚುಚ್ಚಿದೆ. ಅರ್ಥಧಾರಿಗಳ ಎದುರಿನ ಮೈಕುಗಳೇ ನನ್ನ ಮೈಕುಗಳಾದವು. ಆ ವೈರನ್ನು ನೇರವಾಗಿ ಕ್ಯಾಮೆರಾದ ಮೈಕ್ ಜಾಕಿಗೆ ಹಾಕಬೇಡಿ, ಮಿಕ್ಸರಿನ ಜೋರು ಸಿಗ್ನಲ್ಲಿಗೆ ಮಾತು ಒಡೆದು ಹೋಗುತ್ತದೆ. ರೆಕಾರ್ಡರಿನಲ್ಲೂ ಲೆವೆಲ್ ತಗ್ಗಿಸಿಟ್ಟು, ಚಂಡೆಯ ಒಂದು ಉರುಳಿಕೆ ಕೇಳಿ ನೋಡಿಯೇ ಶುರು ಮಾಡಿ. ಮೊದಲಿಗೆ ಲೆನ್ಸಿನ ಮುಂದೆ ನಿಂತು ಒಂದು ಚಪ್ಪಾಳೆ ತಟ್ಟಿದರೆ ಎಡಿಟಿಂಗಿನಲ್ಲಿ ಚಿತ್ರಕ್ಕೂ ಸದ್ದಿಗೂ ಗಂಟು ಹಾಕುವುದು ಸುಲಭ. ಫೋನು ಮಾಡಿದ್ದ ಹಿರಿಯರು ಆ ಸಲ ಕ್ಯಾಮೆರಾ ಯಾವುದು ಅಂತ ಕೇಳಲಿಲ್ಲ. ಕೌರವನ ವಾದ ಸರಿಯೋ ತಪ್ಪೋ ಅಂತ ಅರ್ಧ ತಾಸು ನನ್ನ ಜೊತೆ ಜಗಳ ಆಡಿದರು.

ಕಿರುಚಿತ್ರಕ್ಕೆ, ಮಾತುಕತೆಗೆ ಬೋಯಾ ಎಂ1 ಥರದ ಅಂಗಿಗೆ ಸಿಕ್ಕಿಸುವ ಮೈಕ್ ಸಾಕು. ಆರು ಮೀಟರ್ ವೈರು ಬರುತ್ತದೆ. ಅದರ ನಡುವಿನ ಸಣ್ಣ ಡಬ್ಬಿಯಲ್ಲಿ ಫೋನು, ಕ್ಯಾಮೆರಾ ಅಂತ ಒಂದು ಸ್ವಿಚ್ ಇದೆ. ಕ್ಯಾಮೆರಾಕ್ಕೆ ಹಾಕುವಾಗ ಅದನ್ನು ಕ್ಯಾಮೆರಾ ಕಡೆಗೇ ತಳ್ಳಿ, ಕೆಲಸ ಮುಗಿದ ಮೇಲೆ ವಾಪಸ್ ತಳ್ಳಿ, ಇಲ್ಲವಾದರೆ ಗುಂಡಿಯಂಥ ಬ್ಯಾಟರಿ ಸುಮ್ಮನೆ ಖರ್ಚಾಗುತ್ತದೆ.

ನನ್ನ ರೆಕಾರ್ಡಿಂಗ್ ನಿಂತ ಕಥೆಗೂ ಕಾರಣ ಇದೆ. ಈ ಡಿಎಸ್‌ಎಲ್‌ಆರ್‌ಗಳು, ಸಣ್ಣದಿರಲಿ ದೊಡ್ಡದಿರಲಿ, 29 ನಿಮಿಷ 59 ಸೆಕೆಂಡಿಗೆ ನಿಲ್ಲುತ್ತವೆ. ಅರ್ಧ ತಾಸಿಗಿಂತ ಹೆಚ್ಚು ರೆಕಾರ್ಡ್ ಮಾಡಿದರೆ ಯುರೋಪಿನಲ್ಲಿ ಅದನ್ನು ವಿಡಿಯೋ ಕ್ಯಾಮೆರಾ ಎಂದು ಪರಿಗಣಿಸಿ ಸುಂಕ ಹಾಕುತ್ತಿದ್ದರು. ಅಲ್ಲಿನ ಸುಂಕಕ್ಕೆ ಇಲ್ಲಿನ ಕೌರವ ಬಾಯಿ ಮುಚ್ಚಬೇಕಾಯಿತು, ನೋಡಿ. ಈಗ ಫೋನಿನಲ್ಲಿ 25 ನಿಮಿಷಕ್ಕೆ ಅಲಾರಂ ಇಟ್ಟುಕೊಂಡು, ಭಾಗವತರು ಪದ್ಯ ಎತ್ತಿದಾಗ ನಿಲ್ಲಿಸಿ ಮತ್ತೆ ಒತ್ತುತ್ತೇನೆ. ಇಡೀ ರಾತ್ರಿಯ ಆಟ ತೆಗೆಯುವುದೇ ನಿಮ್ಮ ಮುಖ್ಯ ಕೆಲಸವಾದರೆ ಡಿಎಸ್‌ಎಲ್‌ಆರ್ ಯೋಚನೆ ಬಿಟ್ಟು ಈ ಮಿತಿಯೂ ಒಳಗಿನ ಕನ್ನಡಿಯೂ ಇಲ್ಲದ ಸೋನಿ ಜಡ್‌ವಿ-ಇ10 ಥರದ ಮಿರರ್‌ಲೆಸ್ ನೋಡಿ. ಕಂಪನಿಗಳ ಗಮನವೆಲ್ಲ ಈಗ ಆ ಕಡೆಗೇ ಇದೆ. ಹಳೆಯ ಡಿಎಸ್‌ಎಲ್‌ಆರ್‌ಗಳು ಸೋವಿಯಾಗಿ ಸಿಗುತ್ತಿರುವುದೂ ಅದರಿಂದಲೇ.

ಇನ್ನೊಂದು, ಇದಕ್ಕೆ ದುಡ್ಡೇ ಬೇಡ. ಮೆನುವಿನಲ್ಲಿ ವಿಡಿಯೋ ಪದ್ಧತಿ ಪಾಲ್ (ನಮ್ಮ ದೇಶದ್ದು) ಇರಲಿ, ಸೆಕೆಂಡಿಗೆ 25 ಫ್ರೇಮ್, ಶಟರ್ 1/50 ಸೆಕೆಂಡ್. ಯಾರೋ ಹೇಳಿದರು ಅಂತ ಅಮೆರಿಕದ ಪದ್ಧತಿಯಾದ ಎನ್‌ಟಿಎಸ್‌ಸಿಗೆ ಬದಲಿಸಿ 1/60ರಲ್ಲಿ ತೆಗೆದರೆ ಟ್ಯೂಬ್‌ಲೈಟಿನ ಕೆಳಗೆ ಚಿತ್ರದ ಮೇಲೆ ಕಪ್ಪು ಪಟ್ಟಿಗಳು ಹರಿಯುತ್ತವೆ, ನಮ್ಮ ಕರೆಂಟು 50 ಹರ್ಟ್ಸ್. ನನ್ನ ಮೊದಲ ಉಪನಯನದ ವಿಡಿಯೋ ತುಂಬ ಆ ಪಟ್ಟಿಗಳೇ ಇವೆ. ಆ ವಟು ಈಗ ಇಂಜಿನಿಯರಿಂಗ್ ಓದುತ್ತಿದ್ದಾನೆ, ಸಿಕ್ಕಾಗಲೆಲ್ಲ ಅದನ್ನು ನೆನಪು ಮಾಡುತ್ತಾನೆ.

80ಡಿ ಸೆಕೆಂಡ್ ಹ್ಯಾಂಡ್ ಸಿಕ್ಕರೆ ಶಟರ್ ಕೌಂಟ್ (ಎಷ್ಟು ಫೋಟೋ ತೆಗೆದಿದೆ ಎಂಬ ಲೆಕ್ಕ) ಒಂದನ್ನೇ ನಂಬಬೇಡಿ. ಒಂದು ತಾಸು ವಿಡಿಯೋ ಓಡಿಸಿದರೂ ಆ ಲೆಕ್ಕ ಅಷ್ಟೇನೂ ಮೇಲೇರುವುದಿಲ್ಲ. ಮದುವೆ ಮನೆಗಳಲ್ಲಿ ದುಡಿದ ಕ್ಯಾಮೆರಾ ಎಳೆಯದರಂತೆ ಕಂಡೀತು. ಮಾರುವವರ ಮನೆಯಲ್ಲೇ ಕೂತು ಇಪ್ಪತ್ತು ನಿಮಿಷ ರೆಕಾರ್ಡಿಂಗ್ ಬಿಡಿ. ಮೈಕ್ ಜಾಕಿಗೆ ನಿಮ್ಮ ಮೈಕ್ ಚುಚ್ಚಿ ವೈರನ್ನು ಸ್ವಲ್ಪ ಅಲ್ಲಾಡಿಸಿ, ಹೆಡ್‌ಫೋನಿನಲ್ಲಿ ಕರಕರ ಅಂದರೆ ಬೇರೆ ಹುಡುಕಿ. ಸ್ಕ್ರೀನನ್ನು ಹತ್ತು ಸಲ ಮಡಚಿ ತೆರೆಯಿರಿ. ಮಾರುವವರಿಗೆ ಬೇಜಾರಾದರೆ ಆಗಲಿ.